ಬಾಕ್ಸ್ ಆನ್ ಮಾಡಿದರೆ ಮೊದಲು ಬರುವ ಪ್ರೋಮೋ ಚಾನೆಲ್: ಅದು ಕನ್ನಡದಲ್ಲಿ ಯಾಕಿಲ್ಲ?

ಬಿರುನಾಣಿಯವನು

ಎಲ್ಲರಿಗೂ ನಮಸ್ಕಾರ. ಡಿಟಿಎಚ್ (ಮನೆ ಮೇಲಿನ ಡಿಶ್‌ನಿಂದ ಬರುವ ಟಿವಿ) ಬಗ್ಗೆ ಇಲ್ಲಿ ರೀಚಾರ್ಜ್, ಎಲ್‌ಎನ್‌ಬಿ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಭಾಗ), ಮಳೆ ಅಂತ ಬೇಕಾದಷ್ಟು ಮಾತಾಗಿದೆ. ನಾನು ಕೇಳುವುದು ಬೇರೆ. ಟಿವಿ ಹಾಕಿದ ಕೂಡಲೇ ತಾನಾಗಿ ಬರುತ್ತದಲ್ಲ, ಕಂಪನಿಯದ್ದೇ ಪ್ರಚಾರದ ಚಾನೆಲ್, ಅದರ ಬಗ್ಗೆ.

ಕೊಡಗಿನ ನಮ್ಮ ಕಡೆ ಕೇಬಲ್ ಇಲ್ಲ. ತೋಟದ ನಡುವೆ ಒಂದೊಂದೇ ಮನೆ. ಅಷ್ಟು ದೂರ ವೈರ್ ಎಳೆದರೆ ಯಾರಿಗೂ ಗಿಟ್ಟುವುದಿಲ್ಲ. ಹಾಗಾಗಿ ಎಲ್ಲರ ಮನೆಯ ಮೇಲೂ ಡಿಶ್. ಮನೆಯಲ್ಲಿ ಅವ್ವ ಒಬ್ಬರೇ, ನನಗೆ ಕೆಲಸ ಮೈಸೂರಿನಲ್ಲಿ. ಅವ್ವನಿಗೆ ಕೊಡವ ತಕ್ಕ್ (ಕೊಡವ ಭಾಷೆ) ಬರುತ್ತದೆ, ಕನ್ನಡ ಓದಲು ಬರೆಯಲು ಚೆನ್ನಾಗಿ ಬರುತ್ತದೆ. ಹಿಂದಿ ಬರುವುದಿಲ್ಲ. ಆದರೆ ಟಿವಿ ಹಾಕಿದರೆ ಮೊದಲು ಕೇಳುವುದೇ ಹಿಂದಿ. ಹೊಸ ಪ್ಯಾಕ್, ಹೊಸ ಸಿನಿಮಾ, ಅಡುಗೆ ಸರ್ವಿಸ್, ಭಕ್ತಿ ಸರ್ವಿಸ್, ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಸರ್ವಿಸ್. ದಿನವಿಡೀ ಅದೇ ಸುತ್ತುತ್ತಿರುತ್ತದೆ. ಕೆಳಗೆ ಓಡುವ ಬರಹ ಇಂಗ್ಲಿಷ್.

ಈ ಮಳೆಗಾಲದಲ್ಲಿ ಆಗಿದ್ದು ಇದು. ಪರದೆ ಮೇಲೆ ದೊಡ್ಡದಾಗಿ ಒಂದು ನಂಬರ್, ಪಕ್ಕದಲ್ಲಿ ಫೋನಿನ ಚಿತ್ರ. ಮಿಸ್ಡ್ ಕಾಲ್ ಕೊಡಿ ಅಂತ. ಅವ್ವ ಅದನ್ನು ದೂರು ಹೇಳುವ ನಂಬರ್ ಅಂದುಕೊಂಡು ಕಾಲ್ ಮಾಡಿದ್ದಾರೆ. ರಿಜಿಸ್ಟರ್ ಆದ ಮೊಬೈಲ್ ಅವರದ್ದೇ ಆದ್ದರಿಂದ ಒಂದು ಸರ್ವಿಸ್ ಶುರುವಾಯಿತು. ಮೊದಲು ಸ್ವಲ್ಪ ದಿನ ಫ್ರೀ, ಆಮೇಲೆ ದಿನಾ ಕಡಿತ. ತಿಂಗಳಿಗೆ ಅಂತ ಹಾಕಿದ್ದ ದುಡ್ಡು ಮೊದಲೇ ಖಾಲಿ. ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಮನೆಯಲ್ಲಿ ಟಿವಿ ಇಲ್ಲ. ಬರುತ್ತಿದ್ದದ್ದು ಆ ಪ್ರೋಮೋ ಚಾನೆಲ್ ಒಂದೇ, ಮತ್ತೆ ಒಂದಿಷ್ಟು ಡಿಡಿ. ಕಂಪನಿ ಹೆಸರು ಬೇಡ. ಹೆಸರು ಬಂದರೆ ಮಾತು ಆ ಒಂದು ಕಂಪನಿ ಸುತ್ತಲೇ ತಿರುಗುತ್ತದೆ.

ನನ್ನ ಮಾತು ಇಷ್ಟೇ. ದುಡ್ಡಿರಲಿ ಇಲ್ಲದಿರಲಿ, ಪ್ಯಾಕ್ ಯಾವುದೇ ಇರಲಿ, ಎಲ್ಲರ ಮನೆಗೂ ತಪ್ಪದೆ ಬರುವ ಚಾನೆಲ್ ಅದು. ಅಷ್ಟು ಒಳ್ಳೆಯ ಜಾಗದಲ್ಲಿ ಮಾರಾಟ ಮಾತ್ರ ಯಾಕೆ? ರೇಟ್ ಎಷ್ಟು, ಬೇಡವಾದದ್ದನ್ನು ನಿಲ್ಲಿಸುವುದು ಹೇಗೆ, ಅದನ್ನು ಕನ್ನಡದಲ್ಲಿ ಹೇಳಬಾರದಾ? ಮತ್ತೊಂದು, ಆ ಚಾನೆಲ್ ಮೊದಲು ಬಾರದ ಹಾಗೆ ಮಾಡಲು ಆಗುತ್ತದಾ?

ಡಿಶ್ ಕೆಲಸದವನು, ಗೋಣಿಕೊಪ್ಪಲು

ಅಣ್ಣ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಕೆಲವು ಬಾಕ್ಸ್‌ಗಳಲ್ಲಿ ಸೆಟ್ಟಿಂಗ್ಸ್ ಒಳಗೆ ಸ್ಟಾರ್ಟ್ ಅಪ್ ಚಾನೆಲ್ ಆರಿಸುವ ಜಾಗ ಇದೆ. ಇಲ್ಲದ ಬಾಕ್ಸೇ ಜಾಸ್ತಿ. ಆದರೆ ಒಂದು ವಿಷಯ ಗಮನಿಸಿ. ರಿಮೋಟ್‌ನಲ್ಲಿ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಎಷ್ಟೋ ಬಾಕ್ಸ್‌ಗಳು ಕೊನೆಗೆ ನೋಡಿದ ಚಾನೆಲ್‌ಗೇ ಬರುತ್ತವೆ. ಪ್ಲಗ್ ತೆಗೆದು ಹಾಕಿದರೆ, ಇಲ್ಲವೇ ಕರೆಂಟ್ ಹೋಗಿ ಬಂದರೆ, ಪ್ರೋಮೋ ಚಾನೆಲ್‌ಗೆ ಹೋಗುತ್ತವೆ. ನಮ್ಮಲ್ಲಿ ಜೂನ್‌ನಿಂದ ಕರೆಂಟ್ ಕಥೆ ಗೊತ್ತಲ್ಲ. ಏಪ್ರಿಲ್, ಮೇನಲ್ಲಿ ಗುಡುಗು ಸಿಡಿಲು ಅಂತ ಎಲ್ಲರೂ ಪ್ಲಗ್ ಕಿತ್ತೇ ಇಡುತ್ತಾರೆ, ಇಡಲೇಬೇಕು. ಹಾಗಾಗಿ ಬೆಂಗಳೂರಿನವರಿಗಿಂತ ಕೊಡಗಿನವರು ಈ ಚಾನೆಲ್ ನೋಡುವುದು ಜಾಸ್ತಿ.

ಈಗ ಅದು ಬ್ಯಾಲೆನ್ಸ್ ಇಲ್ಲದಿದ್ದರೂ ಯಾಕೆ ಬರುತ್ತದೆ ಅಂತ. ಪೇ ಚಾನೆಲ್‌ಗಳೆಲ್ಲ ಬೀಗ ಹಾಕಿಕೊಂಡೇ ಸ್ಯಾಟಲೈಟ್‌ನಿಂದ ಇಳಿಯುತ್ತವೆ. ನೀವು ರೀಚಾರ್ಜ್ ಮಾಡಿದಾಗ ‘ಈ ಕಾರ್ಡ್‌ಗೆ ಇಂತಿಂಥ ಚಾನೆಲ್ ತೆರೆ’ ಅಂತ ಒಂದು ಆದೇಶ ಮೇಲಿನಿಂದಲೇ ಬರುತ್ತದೆ. ಬಾಕ್ಸ್ ಆನ್ ಇದ್ದು ಸಿಗ್ನಲ್ ಇದ್ದರೆ ಮಾತ್ರ ಅದು ಸಿಗುವುದು. ಅದಕ್ಕೇ ನಾವು ಫೋನಿನಲ್ಲಿ ಹೇಳುವುದು, ರೀಚಾರ್ಜ್ ಮಾಡಿ ಪ್ರೋಮೋ ಚಾನೆಲ್‌ನಲ್ಲಿ ಇಟ್ಟು ಸ್ವಲ್ಪ ಹೊತ್ತು ಬಿಡಿ ಅಂತ. ಪ್ರೋಮೋ ಚಾನೆಲ್ ಎಲ್ಲ ಬಾಕ್ಸ್‌ಗೂ ತೆರೆದೇ ಇರುತ್ತದೆ.

ಕೆಲಸದಲ್ಲಿ ನನಗೆ ಅದು ದೊಡ್ಡ ಸಹಾಯ. ಹುದಿಕೇರಿಯಿಂದಲೋ ಕುಟ್ಟದಿಂದಲೋ ಯಾರಾದರೂ ಫೋನ್ ಮಾಡಿ ‘ಏನೂ ಬರುತ್ತಿಲ್ಲ’ ಅಂದರೆ ನಾನು ಮೊದಲು ಕೇಳುವುದು ಪ್ರೋಮೋ ಬರುತ್ತಿದೆಯಾ ಅಂತಲೇ. ಬರುತ್ತಿದ್ದರೆ ಹೆಚ್ಚಾಗಿ ಅಕೌಂಟ್ ಸಮಸ್ಯೆ, ನಾನು ಬರುವುದೇ ಬೇಡ. ಅದೂ ಇಲ್ಲ ಅಂದರೆ ಡಿಶ್ ಅಲುಗಿದೆ, ಕನೆಕ್ಟರ್‌ಗೆ ನೀರು ಹೋಗಿದೆ, ಇಲ್ಲವೇ ಮಳೆ. ನಮ್ಮ ಡಿಶ್‌ಗಳು ಕೆಲಸ ಮಾಡುವುದು ಕೆಯು ಬ್ಯಾಂಡ್‌ನಲ್ಲಿ. ಆ ತರಂಗಕ್ಕೆ ಜೋರು ಮಳೆ ಅಂದರೆ ಆಗುವುದಿಲ್ಲ. ಡಿಶ್ ಎಷ್ಟು ಸರಿಯಾಗಿ ಕೂರಿಸಿದರೂ ಭಾಗಮಂಡಲ ಕಡೆ ಜುಲೈನಲ್ಲಿ ಚಿತ್ರ ಹೋಗಿಯೇ ಹೋಗುತ್ತದೆ.

ಒಟ್ಟಿನಲ್ಲಿ ಆ ಚಾನೆಲ್ ಬೇಡ ಅನ್ನಬೇಡಿ. ಅದರಲ್ಲಿ ಬರುವುದು ಬದಲಾಗಲಿ ಅನ್ನಿ.

ಕಕ್ಕಬ್ಬೆ ಹೋಂಸ್ಟೇ

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನಮ್ಮಲ್ಲಿಗೆ ಬರುವವರು ಬಂಗಾಳದವರು, ಗುಜರಾತಿನವರು, ಕೇರಳದವರು. ಟಿವಿ ಹಾಕಿದರೆ ಅವರ ಭಾಷೆಯ ಪ್ಯಾಕ್ ಯಾವುದು, ಅದಕ್ಕೆ ಎಷ್ಟು ಅಂತ ಆ ಚಾನೆಲ್‌ನಲ್ಲೇ ನೋಡಿ ನನಗೆ ಹೇಳುತ್ತಾರೆ. ನಾನು ಆ ಚಾನೆಲ್ ಸೇರಿಸಿ, ಸೀಸನ್ ಮುಗಿದ ಮೇಲೆ ತೆಗೆಸುತ್ತೇನೆ. ಐಪಿಎಲ್ ಹೊತ್ತಿಗೆ ಯಾವ ನಂಬರ್‌ನಲ್ಲಿ ಕನ್ನಡ ಕಾಮೆಂಟರಿ ಅಂತಲೂ ಗೊತ್ತಾಗಿದ್ದು ಅಲ್ಲೇ. ಪ್ರಚಾರ ಅನ್ನುವುದೆಲ್ಲ ಕೆಟ್ಟದ್ದಲ್ಲ ಅಲ್ವಾ? ನಮ್ಮ ರಸ್ತೆ ಬದಿಯ ಬೋರ್ಡ್ ಇಲ್ಲದಿದ್ದರೆ ನಮ್ಮಲ್ಲಿಗೂ ಯಾರೂ ಬರುವುದಿಲ್ಲ.

ಆದರೆ ಮಿಸ್ಡ್ ಕಾಲ್ ಕೊಟ್ಟರೆ ಸರ್ವಿಸ್ ಶುರು ಅನ್ನುವುದು ಖಂಡಿತ ತಪ್ಪು. ಅದಕ್ಕೆ ನನ್ನ ಬೆಂಬಲ ಇಲ್ಲ.

ಸೋಮವಾರಪೇಟೆ, ಈಗ ಬೆಂಗಳೂರು

ನಾನು ಚಾನೆಲ್ ಒಂದರ ತಾಂತ್ರಿಕ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಡಿಟಿಎಚ್ ಕಂಪನಿಯಲ್ಲಿ ಅಲ್ಲ. ಗೊತ್ತಿರುವುದನ್ನು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಈ ಜಾತಿಯ ಚಾನೆಲ್‌ಗಳು ಶುರುವಾಗಿದ್ದು ಅಮೆರಿಕದ ಕೇಬಲ್‌ನಲ್ಲಿ. 1981ರಲ್ಲಿ ಒಂದು ಕಂಪನಿ ಬರಿ ಬರಹದ ಕಾರ್ಯಕ್ರಮ ಪಟ್ಟಿಯ ಚಾನೆಲ್ ಕೊಡಲು ಶುರು ಮಾಡಿತು. ಯಾವ ಚಾನೆಲ್‌ನಲ್ಲಿ ಈಗ ಏನು, ಮುಂದೆ ಏನು ಅಂತ ಪರದೆ ಮೇಲೆ ನಿಧಾನವಾಗಿ ಮೇಲಕ್ಕೆ ಸರಿಯುತ್ತಿತ್ತು. 1988ರ ಹೊತ್ತಿಗೆ ಅದು ಪ್ರಿವ್ಯೂ ಗೈಡ್ ಆಯಿತು. ಪರದೆಯ ಮೇಲಿನ ಅರ್ಧದಲ್ಲಿ ಸಿನಿಮಾ, ಸೀರಿಯಲ್‌ಗಳ ಪ್ರೋಮೋ, ಕೆಳಗಿನ ಅರ್ಧದಲ್ಲಿ ಪಟ್ಟಿ. ಒಂದೊಂದು ಊರಿನ ಕೇಬಲ್ ಆಫೀಸಿನಲ್ಲೂ ಒಂದು ಅಮಿಗಾ ಕಂಪ್ಯೂಟರ್ ಇಟ್ಟು ಅದನ್ನು ಓಡಿಸುತ್ತಿದ್ದರು. ಹಾಗಾಗಿ ಪ್ರೋಮೋ ದೇಶಕ್ಕೆಲ್ಲ ಒಂದೇ ಆದರೂ ಪಟ್ಟಿ ಆಯಾ ಊರಿನದ್ದೇ. ಇದನ್ನು ನೆನಪಿಡಿ, ಬಿರುನಾಣಿ ಅಣ್ಣನ ಪ್ರಶ್ನೆಗೆ ಇದೇ ಮುಖ್ಯ. ಜನ ಆ ಚಾನೆಲ್ ಹಾಕುತ್ತಿದ್ದದ್ದು ಪಟ್ಟಿಗೋಸ್ಕರ. ಪಟ್ಟಿ ನೋಡುವಾಗ ಪ್ರಚಾರವೂ ಕಣ್ಣಿಗೆ ಬೀಳುತ್ತಿತ್ತು. ಅಂದರೆ ಮೊದಲು ಉಪಯೋಗ, ಅದರ ಜೊತೆಗೆ ಮಾರಾಟ.

ಆಮೇಲೆ ಡಿಜಿಟಲ್ ಬಾಕ್ಸ್ ಬಂತು, ಕಾರ್ಯಕ್ರಮ ಪಟ್ಟಿ ರಿಮೋಟ್‌ನ ಗೈಡ್ ಬಟನ್‌ಗೆ ಹೋಯಿತು. ಆ ಚಾನೆಲ್ 1999ರಲ್ಲಿ ಟಿವಿ ಗೈಡ್ ಚಾನೆಲ್ ಆಗಿ, ನಿಧಾನವಾಗಿ ಪಟ್ಟಿಯನ್ನೇ ಬಿಟ್ಟು, 2015ರಲ್ಲಿ ಪಾಪ್ ಅನ್ನುವ ಮಾಮೂಲಿ ಮನರಂಜನೆ ಚಾನೆಲ್ ಆಯಿತು.

ನಮ್ಮ ದೇಶದಲ್ಲಿ ಡಿಟಿಎಚ್ ಬಂದಿದ್ದೇ ಡಿಜಿಟಲ್ ಆಗಿ. 2003ರಲ್ಲಿ ಡಿಶ್ ಟಿವಿ, 2006ರಲ್ಲಿ ಟಾಟಾ ಸ್ಕೈ, ಆಮೇಲೆ ಸನ್ ಡೈರೆಕ್ಟ್, 2008ರಲ್ಲಿ ಏರ್‌ಟೆಲ್. ಬಾಕ್ಸ್ ಒಳಗೆ ಮೊದಲ ದಿನದಿಂದಲೇ ಗೈಡ್ ಇತ್ತು. ಆದ್ದರಿಂದ ನಮ್ಮ ಪ್ರೋಮೋ ಚಾನೆಲ್‌ಗಳಿಗೆ ಆ ಪಟ್ಟಿಯ ಕೆಲಸ ಹೆಚ್ಚು ಬೀಳಲೇ ಇಲ್ಲ. ಅವು ಹುಟ್ಟಿದ್ದೇ ಮಾರಲು.

ಈಗ ಕನ್ನಡದ ವಿಷಯ. ಒಂದು ಫೀಡ್‌ಗೆ, ಅಂದರೆ ಒಂದು ಚಾನೆಲ್‌ನ ಪ್ರಸಾರಕ್ಕೆ, ಒಂದೇ ಭಾಷೆ ಅಂತ ಏನೂ ಇಲ್ಲ. ಮಕ್ಕಳ ಕಾರ್ಟೂನ್ ಚಾನೆಲ್ ಹಾಕಿ, ರಿಮೋಟ್‌ನಲ್ಲಿ ಆಡಿಯೋ ಅಥವಾ ಲ್ಯಾಂಗ್ವೇಜ್ ಬಟನ್ ಒತ್ತಿ. ಚಿತ್ರ ಅದೇ, ಧ್ವನಿ ಹಿಂದಿ, ತಮಿಳು, ತೆಲುಗು, ಎಷ್ಟೋ ಚಾನೆಲ್‌ನಲ್ಲಿ ಕನ್ನಡ. ಒಂದು ಧ್ವನಿ ಸೇರಿಸಲು ಬೇಕಾಗುವ ಜಾಗ ಚಿತ್ರಕ್ಕೆ ಬೇಕಾದ ಜಾಗದ ಹತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ. ಪ್ರೋಮೋ ಚಾನೆಲ್ ಅಂದರೆ ಸುತ್ತಿ ಸುತ್ತಿ ಬರುವ ಒಂದಿಷ್ಟು ನಿಮಿಷದ ವಿಡಿಯೋ. ದಿನಾ ಹೊಸ ಸೀರಿಯಲ್ ಡಬ್ ಮಾಡುವ ಹಾಗಲ್ಲ. ಒಬ್ಬ ಕನ್ನಡದ ಧ್ವನಿ ಕಲಾವಿದರನ್ನು ಕರೆಸಿ ಒಂದು ಬೆಳಿಗ್ಗೆ ಕೂರಿಸಿದರೆ ಮುಗಿಯುವ ಕೆಲಸ. ತಾಂತ್ರಿಕ ಕಾರಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಹಳೆಯ ಕೇಬಲ್, ಕುಶಾಲನಗರ

ಮೇಲಿನವರು ಹೇಳಿದ್ದು ಸರಿ. ದುಡ್ಡಿನ ವಿಷಯ ನಾನು ಸೇರಿಸುತ್ತೇನೆ. ನಾನು ಕೇಬಲ್ ನಡೆಸಿದವನು.

ಬಾಕ್ಸ್ ಆನ್ ಆದಾಗ ಬರುವ ಜಾಗಕ್ಕೆ ನಮ್ಮ ವ್ಯವಹಾರದಲ್ಲಿ ಲ್ಯಾಂಡಿಂಗ್ ಪೇಜ್ ಅನ್ನುತ್ತಾರೆ. ಅಲ್ಲಿ ಕಂಪನಿಯ ಸ್ವಂತ ಪ್ರೋಮೋನೇ ಇರಬೇಕು ಅಂತಿಲ್ಲ. ನ್ಯೂಸ್ ಚಾನೆಲ್‌ನವರು ದುಡ್ಡು ಕೊಟ್ಟು ಆ ಜಾಗ ಹಿಡಿಯುತ್ತಾರೆ. ಟಿವಿ ಹಾಕಿದವರೆಲ್ಲ ಒಂದು ಕ್ಷಣ ಅವರ ಚಾನೆಲ್ ನೋಡಿದ ಲೆಕ್ಕ ಆಗುತ್ತದೆ, ರೇಟಿಂಗ್ ಏರುತ್ತದೆ ಅನ್ನುವುದು ಆಸೆ. ಇದರ ಮೇಲೆ ಚಾನೆಲ್‌ಗಳ ನಡುವೆ ದೊಡ್ಡ ಜಗಳವೇ ಆಯಿತು. 2018ರ ಡಿಸೆಂಬರ್‌ನಲ್ಲಿ ಟ್ರಾಯ್ (ಫೋನ್, ಟಿವಿ ಸೇವೆಗಳಿಗೆ ನಿಯಮ ಮಾಡುವ ಕೇಂದ್ರದ ಪ್ರಾಧಿಕಾರ), ರೇಟಿಂಗ್ ಬರುವ ಯಾವ ಚಾನೆಲ್ಲನ್ನೂ ಲ್ಯಾಂಡಿಂಗ್ ಪೇಜ್‌ನಲ್ಲಿ ಇಡಬಾರದು ಅಂತ ಆದೇಶ ಮಾಡಿತು. 2019ರಲ್ಲಿ ಟಿಡಿಸ್ಯಾಟ್ (ಇಂಥ ವ್ಯಾಜ್ಯ ಕೇಳುವ ನ್ಯಾಯಮಂಡಳಿ) ಆ ಆದೇಶವನ್ನು ರದ್ದು ಮಾಡಿತು.

ಇದನ್ನು ಯಾಕೆ ಹೇಳಿದೆ ಅಂದರೆ, ನಿಮಗೆ ಬೇಡ ಅನಿಸುವ ಆ ಮೊದಲ ಕೆಲವು ಸೆಕೆಂಡ್‌ಗೆ ಮಾರ್ಕೆಟ್‌ನಲ್ಲಿ ಬೆಲೆ ಇದೆ. ಸುಮ್ನೆ ಕೇಳಿದರೆ ಯಾರೂ ಬಿಟ್ಟುಕೊಡುವುದಿಲ್ಲ. ನಿಯಮ ಹಿಡಿದು ಕೇಳಬೇಕು.

ನಮ್ಮ ಕಾಲದಲ್ಲಿ ಊರಿನ ಕೇಬಲ್‌ಗೂ ಒಂದು ಸ್ವಂತ ಚಾನೆಲ್ ಇರುತ್ತಿತ್ತು. ಕೆಳಗೆ ಬರಹ ಓಡುತ್ತಿತ್ತು. ನಾಳೆ ಕರೆಂಟ್ ಇಲ್ಲ, ಇಂಥ ಅಂಗಡಿಗೆ ಹೊಸ ಛತ್ರಿ ಬಂದಿದೆ, ಇಂಥವರ ಮನೆಯ ಹಸು ಕಾಣೆಯಾಗಿದೆ, ಈ ತಿಂಗಳ ಕೇಬಲ್ ದುಡ್ಡು ಹತ್ತನೇ ತಾರೀಖಿನ ಒಳಗೆ ಕೊಡಿ. ಕೊಡವ ಕುಟುಂಬಗಳ ಹಾಕಿ ಹಬ್ಬದ ಮ್ಯಾಚ್ ಕೂಡ ಅದರಲ್ಲೇ ತೋರಿಸುತ್ತಿದ್ದೆವು. ಅದೂ ಪ್ರಚಾರವೇ. ಆದರೆ ನೋಡುವವರು ಯಾರು ಅಂತ ನಮಗೆ ಗೊತ್ತಿತ್ತು, ಅವರ ಭಾಷೆಯಲ್ಲೇ ಬರೆಯುತ್ತಿದ್ದೆವು.

ಸಿದ್ದಾಪುರ ತೋಟದ ರೈಟರ್

ಇಲ್ಲಿ ಯಾರೂ ಲೈನ್ ಮನೆಗಳ (ತೋಟದ ಕೆಲಸದವರ ಸಾಲು ಮನೆಗಳು) ಮಾತು ಎತ್ತಲಿಲ್ಲ. ನಮ್ಮ ತೋಟದಲ್ಲಿ ಈಗ ಅಸ್ಸಾಮಿನಿಂದ ಬಂದ ಕೆಲಸದವರು ತುಂಬಾ ಇದ್ದಾರೆ. ಅವರಿಗೆ ಹಿಂದಿ ಅರ್ಥವಾಗುತ್ತದೆ, ಕನ್ನಡ ಈಗಷ್ಟೇ ಕಲಿಯುತ್ತಿದ್ದಾರೆ. ಪಕ್ಕದ ಲೈನ್‌ನಲ್ಲಿ ಯರವ ಬುಡಕಟ್ಟಿನವರು, ತಮಿಳರು. ಹಿಂದಿ ತೆಗೆದು ಕನ್ನಡ ಹಾಕಿ ಅಂದರೆ ಇವರಿಗೆ ಕಷ್ಟ. ಸೋಮವಾರಪೇಟೆಯವರು ಹೇಳಿದ ಹಾಗೆ ಭಾಷೆ ಆರಿಸುವ ಬಟನ್ ಇದ್ದರೆ ಎಲ್ಲರಿಗೂ ಆಗುತ್ತದೆ.

ಇನ್ನೊಂದು. ಲೈನ್‌ನಲ್ಲಿ ಎಷ್ಟೋ ಜನ ಡಿಡಿ ಫ್ರೀ ಡಿಶ್‌ಗೆ ಹೋಗಿದ್ದಾರೆ. ಒಂದು ಸಲ ಬಾಕ್ಸ್, ಡಿಶ್ ತಗೊಂಡರೆ ಆಯಿತು, ತಿಂಗಳ ದುಡ್ಡಿಲ್ಲ. 2004ರಿಂದ ಇದೆ. ಯಾಕೆ ಹೋದಿರಿ ಅಂತ ಕೇಳಿದರೆ ‘ಇದರಲ್ಲಿ ತಾನಾಗಿ ದುಡ್ಡು ಕಡಿಯುವುದಿಲ್ಲ ರೈಟರೇ’ ಅನ್ನುತ್ತಾರೆ. ಚಾನೆಲ್ ಕಡಿಮೆ ಆದರೂ ಪರವಾಗಿಲ್ಲವಂತೆ. ಪೇ ಡಿಟಿಎಚ್ ಕಂಪನಿಗಳು ಈ ಮಾತನ್ನು ಕೇಳಿಸಿಕೊಳ್ಳಬೇಕು.

ಮಡಿಕೇರಿ ಕೋರ್ಟ್ ಹತ್ತಿರ

ನಿಯಮ ಹಿಡಿದು ಕೇಳಬೇಕು ಅಂದರಲ್ಲ, ಆ ನಿಯಮ ಹೇಳುತ್ತೇನೆ.

ಕಂಪನಿ ತನ್ನ ಚಂದಾದಾರರಿಗೆ ಮಾತ್ರ ತೋರಿಸುವ ಸ್ವಂತ ಚಾನೆಲ್‌ಗಳನ್ನು ಪ್ಲಾಟ್‌ಫಾರ್ಮ್ ಸರ್ವಿಸ್ ಅನ್ನುತ್ತಾರೆ. ಅವ್ವನ ದುಡ್ಡು ಕಡಿದಂಥ ಸರ್ವಿಸ್, ಅಡುಗೆ, ಭಕ್ತಿ ಸರ್ವಿಸ್‌ಗಳು ಈ ಗುಂಪಿನವು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಡಿಟಿಎಚ್ ಮಾರ್ಗಸೂಚಿ ತಿದ್ದಿದಾಗ, ಇಂಥವು ಒಟ್ಟು ಚಾನೆಲ್ ಸಾಮರ್ಥ್ಯದ 5%ಗಿಂತ ಹೆಚ್ಚು ಇರಬಾರದು ಅಂತ ಮಿತಿ ಹಾಕಿತು. ಒಂದೊಂದಕ್ಕೂ 10,000 ರೂಪಾಯಿ ನೋಂದಣಿ ಶುಲ್ಕ. 2022ರಲ್ಲಿ ಬಂದ ಮಾರ್ಗಸೂಚಿಯಲ್ಲಿ ಇವನ್ನು ಬೇರೆ ಚಾನೆಲ್‌ಗಳ ಜೊತೆ ಬೆರೆಸಬಾರದು, ಬೇಕಾದರೆ ಹಾಕಿಕೊಳ್ಳಲು, ಬೇಡವಾದರೆ ತೆಗೆಯಲು ದಾರಿ ಇರಬೇಕು ಅಂತ ಇದೆ.

ಭಾಷೆಯ ಬಗ್ಗೆ. ಟ್ರಾಯ್‌ನ 2017ರ ಸೇವಾ ಗುಣಮಟ್ಟದ ನಿಯಮದಲ್ಲಿ ಕಸ್ಟಮರ್ ಕೇರ್ ಹಿಂದಿ, ಇಂಗ್ಲಿಷ್ ಜೊತೆ ರಾಜ್ಯದ ಭಾಷೆಯಲ್ಲೂ ಇರಬೇಕು. ಅಂದರೆ ನೀವು ಫೋನ್ ಮಾಡಿದರೆ ಅವರು ಕನ್ನಡದಲ್ಲಿ ಮಾತನಾಡಬೇಕು. ಅವರಾಗಿಯೇ ನಿಮ್ಮ ಮನೆಗೆ ಬಂದು ಮಾತನಾಡುವ ಚಾನೆಲ್‌ಗೂ ಅದೇ ನಿಯಮ ಬರಲಿ ಅಂತ ಕೇಳುವುದು ನ್ಯಾಯವಾದ ಬೇಡಿಕೆ. ನನಗೆ ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಗಟ್ಟಿ ಅನಿಸಿದ್ದು ಇದೇ ವಾದ.

ರೇಟ್ ನೋಡಲು ಒಂದು ಜಾಗ ಈಗಾಗಲೇ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. 2019ರ ಫೆಬ್ರವರಿಯಲ್ಲಿ ಹೊಸ ದರ ಪದ್ಧತಿ ಬಂತಲ್ಲ, 100 ಚಾನೆಲ್‌ಗೆ 130 ರೂಪಾಯಿ, ತೆರಿಗೆ ಸೇರಿ 153.40, ಮೇಲಿಂದ ಪೇ ಚಾನೆಲ್ ದುಡ್ಡು ಬೇರೆ. ಆ ಹೊತ್ತಿಗೆ ಚಾನೆಲ್ ದರಗಳನ್ನು 999ನೇ ನಂಬರ್‌ನಲ್ಲಿ ನೋಡಬಹುದು ಅಂತ ಟ್ರಾಯ್ ಹೇಳಿತ್ತು. ಆ 130ರ ಮಿತಿಯನ್ನು 2024ರಲ್ಲಿ ತೆಗೆದಿದ್ದಾರೆ, ಈಗ ಕಂಪನಿಯೇ ಆ ಶುಲ್ಕ ಗೊತ್ತು ಮಾಡಬಹುದು. ಹಾಗಾಗಿ ರೇಟ್ ಗೊತ್ತಾಗುವುದು ಈಗ ಮೊದಲಿಗಿಂತ ಮುಖ್ಯ. ಅದು 999ರಲ್ಲಿ ಯಾರೂ ಹೋಗದ ಮೂಲೆಯಲ್ಲಿದೆ, ಮಾರಾಟ ಮಾತ್ರ ಬಾಗಿಲಲ್ಲೇ ನಿಂತಿದೆ.

ಕಡಿತದ ದುಡ್ಡಿಗೆ ಮೊದಲು ಕಸ್ಟಮರ್ ಕೇರ್‌ಗೆ ಹೇಳಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಸರಿಯಾಗದಿದ್ದರೆ ಕಂಪನಿಯ ನೋಡಲ್ ಅಧಿಕಾರಿಗೆ (ದೂರು ವಿಚಾರಿಸಲು ಕಂಪನಿ ನೇಮಿಸಿದವರು) ಬರೆಯಿರಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಒಬ್ಬೊಬ್ಬರ ದೂರನ್ನು ಟ್ರಾಯ್ ತಾನೇ ವಿಚಾರಿಸುವುದಿಲ್ಲ, ಆದರೆ ನಿಯಮ ಮಾಡುವ ಮುಂಚೆ ಎಲ್ಲರ ಅಭಿಪ್ರಾಯ ಕೇಳುತ್ತದೆ. ಸಾಮಾನ್ಯ ಗ್ರಾಹಕರು ಬರೆದರೂ ತಗೊಳ್ಳುತ್ತಾರೆ.

ನಾಪೋಕ್ಲು ಟೀಚರ್

ಈ ಚರ್ಚೆ ನೋಡಿ ನಮ್ಮ ಮನೆಯ 999 ಹಾಕಿ ನೋಡಿದೆ. ಚಾನೆಲ್ ಹೆಸರು, ಪಕ್ಕದಲ್ಲಿ ರೂಪಾಯಿ, ಪುಟಪುಟವಾಗಿ ಬದಲಾಗುತ್ತದೆ. ಅಕ್ಷರ ಎಷ್ಟು ಚಿಕ್ಕದು ಅಂದರೆ ನಾನು ಟಿವಿ ಮುಂದೆ ಹೋಗಿ ನಿಲ್ಲಬೇಕಾಯಿತು. ಎರಡು ಸಾಲು ಓದುವಷ್ಟರಲ್ಲಿ ಪುಟ ಹೋಯಿತು. ಪೂರ್ತಿ ಇಂಗ್ಲಿಷ್. ಅದೇ ಪ್ರೋಮೋ ಚಾನೆಲ್‌ನಲ್ಲಿ ಮಿಸ್ಡ್ ಕಾಲ್ ನಂಬರ್ ಅಡುಗೆಮನೆಯಿಂದಲೂ ಕಾಣುತ್ತದೆ. ಬರೆಯುವಾಗ ಅಕ್ಷರದ ಗಾತ್ರವನ್ನೂ ಸೇರಿಸಿ ಅಣ್ಣ. ವಯಸ್ಸಾದವರಿಗೆ ಭಾಷೆಯಷ್ಟೇ ಅದೂ ಮುಖ್ಯ.

ಬಿರುನಾಣಿಯವನು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೋಣಿಕೊಪ್ಪಲು ಅಣ್ಣ ಹೇಳಿದ ಹಾಗೆ ನೋಡಿದೆ, ನಮ್ಮ ಬಾಕ್ಸ್‌ನಲ್ಲಿ ಸ್ಟಾರ್ಟ್ ಅಪ್ ಆಯ್ಕೆ ಇಲ್ಲ. ಅವ್ವನಿಗೆ ಫೇವರಿಟ್ ಪಟ್ಟಿ ಮಾಡಿಕೊಟ್ಟಿದ್ದೇನೆ, ಒಂದು ಬಟನ್ ಒತ್ತಿದರೆ ಚಂದನ, ನ್ಯೂಸ್, ಎರಡು ಸೀರಿಯಲ್ ಚಾನೆಲ್. ಕಡಿತದ ಬಗ್ಗೆ ಕಸ್ಟಮರ್ ಕೇರ್‌ಗೆ ಹೇಳಿದೆ. ಸರ್ವಿಸ್ ನಿಲ್ಲಿಸಿದರು, ದುಡ್ಡಿನ ಬಗ್ಗೆ ನೋಡುತ್ತೇವೆ ಅಂದಿದ್ದಾರೆ. ನೋಡಲ್ ಅಧಿಕಾರಿಗೆ ಮೇಲ್ ಹಾಕಿದ್ದೇನೆ.

ಟ್ರಾಯ್‌ಗೆ ಒಂದು ಪತ್ರ ಬರೆಯೋಣ ಅಂತಿದ್ದೇನೆ. ಕಂಪನಿಗಳಿಗೂ ಅದರ ಪ್ರತಿ. ಪ್ರೋಮೋ ಚಾನೆಲ್ ಇರಲಿ, ಆದರೆ ರಾಜ್ಯದ ಭಾಷೆಯ ಧ್ವನಿಯೂ ಇರಲಿ, ಬಾಕ್ಸ್ ಯಾವ ಭಾಷೆಗೆ ಸೆಟ್ ಆಗಿದೆಯೋ ಅದರಲ್ಲೇ ಶುರುವಾಗಲಿ. ಪ್ರತಿ ಸುತ್ತಿನಲ್ಲೂ ರೇಟ್ ಮತ್ತು ನಿಲ್ಲಿಸುವ ವಿಧಾನ ದೊಡ್ಡ ಅಕ್ಷರದಲ್ಲಿ ಬರಲಿ. ಮಿಸ್ಡ್ ಕಾಲ್ ಒಂದರಿಂದಲೇ ಸರ್ವಿಸ್ ಶುರುವಾಗುವುದು ಬೇಡ, ಮೇಲಿಂದ ಇನ್ನೊಂದು ಒಪ್ಪಿಗೆ ಕೇಳಲಿ. ಫ್ರೀ ಮುಗಿಯುವ ಮುಂಚೆ ಕನ್ನಡದಲ್ಲಿ ಮೆಸೇಜ್ ಬರಲಿ. ಇನ್ನೇನಾದರೂ ಬಿಟ್ಟಿದ್ದೇನಾ?

ಕಕ್ಕಬ್ಬೆ ಹೋಂಸ್ಟೇ

ಸ್ಟಾರ್ಟ್ ಅಪ್ ಚಾನೆಲ್ ನಾವೇ ಆರಿಸುವ ಸೌಲಭ್ಯ ಎಲ್ಲ ಬಾಕ್ಸ್‌ಗೂ ಬರಲಿ ಅಂತಲೂ ಹಾಕಿ. ಸಾಫ್ಟ್‌ವೇರ್ ಅಪ್‌ಡೇಟ್ ಅವರೇ ಆಗಾಗ ಕಳಿಸುತ್ತಿರುತ್ತಾರಲ್ಲ, ಅದರಲ್ಲೇ ಕೊಡಬಹುದು. ನನ್ನ ಹೆಸರೂ ಸೇರಿಸಿ.

ಡಿಶ್ ಕೆಲಸದವನು, ಗೋಣಿಕೊಪ್ಪಲು

ಹಳೆಯ ಬಾಕ್ಸ್‌ಗೆ ಎಲ್ಲ ಅಪ್‌ಡೇಟ್ ಆಗುವುದಿಲ್ಲ ಅಕ್ಕ, ಹೊಸದಕ್ಕೆ ಆಗಬಹುದು. ಪತ್ರದಲ್ಲಿ ಬಾಕ್ಸ್ ಮಾಡೆಲ್ ನಂಬರ್ ಬರೆದರೆ ಒಳ್ಳೆಯದು, ಬಾಕ್ಸ್‌ನ ಅಡಿಯಲ್ಲಿ ಸ್ಟಿಕ್ಕರ್ ಇರುತ್ತದೆ. ನಾನು ಹೋಗುವ ಮನೆಗಳಲ್ಲಿ ಕೇಳಿ, ಒಪ್ಪಿದವರ ಸಹಿ ಹಾಕಿಸಿಕೊಂಡು ಬರುತ್ತೇನೆ. ಪೊನ್ನಂಪೇಟೆ ತಾಲೂಕು ನನಗೆ ಬಿಡಿ. ಮಡಿಕೇರಿ, ಸೋಮವಾರಪೇಟೆ ಕಡೆ ಯಾರು ನೋಡಿಕೊಳ್ಳುತ್ತೀರಿ ಹೇಳಿ.